ತೂತಿಲ್ಲದ ಶೀಟು

ಮುನಿಯಪ್ಪನ ವಠಾರದಲ್ಲಿ ಬಾಡಿಗೆ ಒಂದು ವಾರ ತಡವಾದರೂ ನಡೆಯುತ್ತಿತ್ತು. ನಲ್ಲಿ ನೀರಿಗೆ ಜಗಳ ಬಿದ್ದು ಕೊಡದಲ್ಲಿ ತಲೆ ಒಡೆದುಕೊಂಡರೂ ನಡೆಯುತ್ತಿತ್ತು. ಚಾವಣಿಯ ಶೀಟಿಗೆ ಒಂದೇ ಒಂದು ಮೊಳೆ ಹೊಡೆದರೆ ಮಾತ್ರ ನಡೆಯುತ್ತಿರಲಿಲ್ಲ. ಹೊಡೆದವರು ಅವತ್ತೇ ಪಾತ್ರೆ ಪಗಡ ಎತ್ತಿಕೊಂಡು ಹೊರಡಬೇಕು.

ಶೀಟುಗಳು ಮುನಿಯಪ್ಪನ ಆಸ್ತಿ. ಅವು ಮೊದಲು ಕೆಂಗೇರಿಯ ಒಂದು ಸೈಟಿನಲ್ಲಿದ್ದವು. ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಆಮೇಲೆ ನಂದಿನಿ ಲೇಔಟಿನ ಹಿಂದಕ್ಕೆ ಬಂದವು. ಅಲ್ಲೂ ಕಟ್ಟಡ ಎದ್ದಿತು. ಈಗ ನಾಗರಬಾವಿಯ ಈ ತುಂಡು ನೆಲದಲ್ಲಿ, ಒಂದಕ್ಕೊಂದು ಬೆನ್ನು ಕೊಟ್ಟು ನಿಂತ ಹಾಲೊ ಬ್ಲಾಕ್ ಗೂಡುಗಳ ಮೇಲೆ ಮಲಗಿವೆ. ನಾಳೆ ಇಲ್ಲೂ ಒಂದು ಪಿಜಿ ಏಳುತ್ತದೆ. ಆಗ ಶೀಟು ಇನ್ನೊಂದು ಸೈಟಿಗೆ ಹೋಗಬೇಕು, ಇಲ್ಲವೇ ಮಾರಾಟವಾಗಬೇಕು. ತೂತು ಬಿದ್ದದ್ದನ್ನು ಯಾರು ಕೊಳ್ಳುತ್ತಾರೆ? ಅದಕ್ಕೇ ಗೋಡೆಗೆ ಕಂಬಿಯಿಂದ ಬಿಗಿದ ಸರ್ವೆ ಗಳಗಳ ಮೇಲೆ ಶೀಟನ್ನು ಸುಮ್ಮನೆ ಮಲಗಿಸಿ, ಹಾರದಿರಲೆಂದು ಮೇಲೆ ಸೈಜುಕಲ್ಲು ಹೇರಿದ್ದರು.

ಶೀಟು ಊರೂರು ಸುತ್ತಿ ಬಂದಿತ್ತು. ಅದರ ಕೆಳಗಿನ ಜನ ಮಾತ್ರ ಅಲ್ಲಿಯವರೇ. ಆ ನೆಲ ಒಂದು ಕಾಲಕ್ಕೆ ಊರ ಹೊರಗಿನ ಕೇರಿಯಾಗಿತ್ತು. ಲಿಂಗಮ್ಮ ಮದುವೆಯಾಗಿ ಬಂದಿದ್ದು ಅಲ್ಲಿಯ ಹುಲ್ಲಿನ ಗುಡಿಸಲಿಗೆ. ಮುನಿಯಪ್ಪನ ಅಪ್ಪನ ಹೊಲದಲ್ಲಿ ಅವಳೂ ಅವಳ ಗಂಡನೂ ಜೀತಕ್ಕಿದ್ದರು. ಆಮೇಲೆ ಬಡಾವಣೆ ಬಂತು, ರಿಂಗ್ ರೋಡ್ ಬಂತು, ಅಳತೆಯವರು ಬಂದರು. ಅಳತೆ ಮುಗಿದಾಗ ಕೇರಿಯ ನೆಲ ಮುನಿಯಪ್ಪನ ಹೆಸರಿನಲ್ಲಿತ್ತು. "ನಿಮ್ಮನ್ನ ಓಡಿಸ್ಬಿಡ್ತೀನಾ ನಾನು, ಇಲ್ಲೇ ಬಾಡಿಗೆಗೆ ಇದ್ಕೊಳಿ" ಅಂದ. ಆ ಉಪಕಾರವನ್ನು ಹೇಳಿಕೊಂಡು ತಿರುಗುತ್ತಲೇ ಅವನ ತಲೆ ನೆರೆಯಿತು.

ಗಾಳಿ ಎದ್ದಾಗ ವಠಾರದವರಿಗೆ ಒಂದು ಕೆಲಸವಿರುತ್ತಿತ್ತು. ಪ್ರತಿ ಮನೆಯ ಶೀಟಿನ ಮೇಲೆ ಒಂದು ನೈಲಾನ್ ಹಗ್ಗ ಹಾಯಿಸಿ, ಅದರ ಎರಡೂ ತುದಿಗಳನ್ನು ಗೋಡೆಯ ಸಂದಿಯಿಂದ ಒಳಕ್ಕೆ ಇಳಿಬಿಟ್ಟಿದ್ದರು. ಗಾಳಿ ಬಂದರೆ ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ ಹಿಡಿದು ಜೋತುಬೀಳಬೇಕು. ಮೊಳೆ ಮಾಡಬೇಕಾದ್ದನ್ನು ಮೈ ಮಾಡಬೇಕು. ಬಾಣಂತಿಯರು ಜೋತುಬಿದ್ದಿದ್ದರು. ಜ್ವರ ಹತ್ತಿದವರು ಜೋತುಬಿದ್ದಿದ್ದರು. ಗಾಳಿ ನಿಂತ ಮೇಲೆ ಅಂಗೈ ಬಿಚ್ಚಿದರೆ ಚರ್ಮ ಹಗ್ಗಕ್ಕೆ ಅಂಟಿಕೊಂಡು ಬರುತ್ತಿತ್ತು.

"ನನ್ ತೂಕ ಸಾಲಲ್ಲ ಕಣಮ್ಮಿ ಪಟಾಲಿ," ಅನ್ನುತ್ತಿದ್ದಳು ಲಿಂಗಮ್ಮ ಸೊಸೆ ಪಟಾಲಮ್ಮನಿಗೆ. "ಈ ಗಾಳಿ ಒಂದಿನ ಶೀಟಿನ ಜೊತೆ ನನ್ನೂ ಎತ್ಕಂಡೋಗಿ ಮಲ್ಲತ್ತಳ್ಳಿ ಕೆರೆಗೆ ಬಿಸಾಕ್ತದೆ."

"ಬಿಸಾಕ್ಲಿ ಬಿಡಿ ಅತ್ತೆ. ಒಂದು ಮುದ್ದೆ ಉಳೀತದೆ."

"ಅದ್ಕೇ ನೀನು ಆ ಕಡೆ ಸಡಿಲ ಬಿಡ್ತೀಯ. ನಂಗೊತ್ತಿಲ್ವ."

ಹಾಗೆ ಬಯ್ದಾಡಿಕೊಂಡೇ ಅತ್ತೆ ಸೊಸೆ ಒಂದು ಹಗ್ಗದ ಎರಡು ತುದಿಗಳಲ್ಲಿ ಬಾಳಿದ್ದರು. ಪಟಾಲಮ್ಮನ ಗಂಡ ಮಹದೇವ್ ಮುನಿಯಪ್ಪನ ಪಿಜಿಯಲ್ಲೇ ವಾಚ್‌ಮನ್. ಗಾಳಿಯ ಹೊತ್ತಿನಲ್ಲಿ ಅವನು ಅಲ್ಲಿ ಹುಡುಗರ ಬೈಕುಗಳ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಿರುತ್ತಿದ್ದ. ಮಗಳು ವರಲಕ್ಷ್ಮಿ ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ತಯಾರಿಯಲ್ಲಿದ್ದಳು. ಗಾಳಿ ಬಂದಾಗ ಅವಳು ಪುಸ್ತಕದ ಚೀಲವನ್ನು ಮಂಚದ ಕೆಳಗೆ ತಳ್ಳಿ ಅಜ್ಜಿಯ ಸೊಂಟ ಹಿಡಿದುಕೊಳ್ಳುತ್ತಿದ್ದಳು, ಅಜ್ಜಿ ಮೇಲೇಳದಿರಲಿ ಎಂದು.

ಪಟಾಲಮ್ಮ ದುಡಿಯುತ್ತಿದ್ದದ್ದೂ ಶೀಟಿನಲ್ಲೇ. ಮಾಗಡಿ ರಸ್ತೆಯ ಪಕ್ಕದ ಒಂದು ಶೀಟಿನ ಅಂಗಡಿಯಲ್ಲಿ ಲಾರಿಗೆ ಹೇರುವುದು, ಇಳಿಸುವುದು. ಶೀಟಿನ ಅಂಚು ಮಚ್ಚಿನಂಥದ್ದು. ಸಣ್ಣ ಗೀರು ಕಾಣುವುದೇ ಇಲ್ಲ. ಕೈ ತೊಳೆಯಲು ಹೋದಾಗ ನೀರು ಕೆಂಪಾಗುತ್ತದೆ, ಆಗ ಗೊತ್ತಾಗುತ್ತದೆ. ಅವಳು ಅಂಗೈಗೆ ಹಳೆ ಸೀರೆಯ ಚೂರು ಸುತ್ತಿಕೊಳ್ಳುತ್ತಿದ್ದಳು. ಭುಜಕ್ಕೊಂದು ಗೋಣಿ. ಸಂಜೆಗೆ ಎರಡೂ ಒದ್ದೆ.

ಏಪ್ರಿಲಿನ ಒಂದು ಮಧ್ಯಾಹ್ನ ಬಸವೇಶ್ವರನಗರದ ಗಂಡಹೆಂಡತಿ ಅಲ್ಲಿಗೆ ಬಂದರು. ಮಲ್ಪೆಯ ಹತ್ತಿರ ಕಡಲ ದಂಡೆಯಲ್ಲೇ ಮನೆ ಕಟ್ಟಿಸುತ್ತಿದ್ದರಂತೆ. ಹೋದ ವರ್ಷದ ಚಂಡಮಾರುತದಲ್ಲಿ ಪಕ್ಕದವರ ಚಾವಣಿ ಇಡಿಯಾಗಿ ಎದ್ದು ತೆಂಗಿನ ಮರಕ್ಕೆ ಸಿಕ್ಕಿಕೊಂಡಿತ್ತಂತೆ. ಹೆಂಡತಿ ಅದನ್ನು ಹೇಳುವಾಗ ಎದೆಯ ಮೇಲೆ ಕೈ ಇಟ್ಟುಕೊಂಡಳು.

ಅಂಗಡಿ ನೋಡಿಕೊಳ್ಳುವ ಗಿರಿರಾಜ್ ಅವರನ್ನು ಕೂರಿಸಿ ಎಳನೀರು ತರಿಸಿದ.

"ನೋಡಿ ಮೇಡಂ, ಎಲ್ಲಾರೂ ಏನ್ ಅನ್ಕೋತಾರೆ, ಗಾಳಿ ಮೇಲಿಂದ ಒತ್ತುತ್ತೆ ಅಂತ. ಸುಳ್ಳು. ಅದು ಸೂರಿನ ಸಂದಿಯಿಂದ ಒಳಗೆ ನುಗ್ಗಿ ಕೆಳಗಿಂದ ಎತ್ತುತ್ತೆ. ಮೇಲೆ ಎಷ್ಟ್ ಭಾರ ಇಟ್ರೂ ವೇಸ್ಟು. ಕೆಳಗಿಂದ ಹಿಡ್ಕೊಂಡಿರ್ಬೇಕು. ಅಂಚಲ್ಲಿ ಸ್ಕ್ರೂ ಒತ್ತೊತ್ತಾಗಿ ಹಾಕ್ಸಿ. ಮೇಸ್ತ್ರಿ ಉಳಿಸ್ತೀನಿ ಅಂತಾನೆ, ಒಪ್ಬೇಡಿ. ಉಪ್ಪು ಗಾಳಿ ಬೇರೆ, ಮಾಮೂಲಿ ತಗಡು ಬೇಗ ತುಕ್ಕು ತಿನ್ನುತ್ತೆ. ಈ ಕೋಟಿಂಗ್ ಇರೋದೇ ತಗೊಳ್ಳಿ, ದಪ್ಪದ್ದು."

"ತುಳಿದ್ರೆ ತಗ್ಗಾಗಲ್ವಾ?" ಗಂಡ ಕೇಳಿದ.

ಗಿರಿರಾಜ್ ತಿರುಗಿಯೂ ನೋಡಲಿಲ್ಲ. "ಪಟಾಲಮ್ಮ, ಹತ್ತು."

ಅದು ಆ ಅಂಗಡಿಯ ಪದ್ಧತಿ. ಎರಡು ಇಟ್ಟಿಗೆ ಸಾಲಿನ ಮೇಲೆ ಶೀಟು ಅಡ್ಡ ಹಾಕುವುದು, ಗಿರಾಕಿಯ ಮುಂದೆ ಪಟಾಲಮ್ಮನನ್ನು ಅದರ ಮೇಲೆ ನಿಲ್ಲಿಸುವುದು. ಅವಳು ಚಪ್ಪಲಿ ಬಿಟ್ಟಳು. ಚಪ್ಪಲಿ ಹಾಕಿಕೊಂಡು ಹತ್ತಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಬಿಸಿಲಿಗೆ ಶೀಟು ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಒಂದು ಕಾಲೆತ್ತಿ ಇನ್ನೊಂದು ಕಾಲು ಊರುತ್ತ ನಿಂತಳು.

"ಮಾಮೂಲಿ ಹೆಂಗಸಲ್ಲ ಸಾರ್ ಇವಳು, ಗೋಡೌನಲ್ಲಿ ಆನೆ ಅಂತೀವಿ ನಾವು. ಕುಣಿ ಪಟಾಲಮ್ಮ. ಇನ್ನೂ ಜೋರಾಗಿ."

ಅವಳು ಕುಣಿದಳು. ಎದೆಯ ಮೇಲಿನ ಸೆರಗು ಜಾರಿತು. ಒಂದು ಕೈಯಲ್ಲಿ ಸೆರಗು ಹಿಡಿದು ಕುಣಿದಳು. ಲೋಡಿಂಗಿನ ಗಂಡಸರು ನಗುತ್ತ ನಿಂತಿದ್ದರು. ಗಂಡ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದ.

"ಪಾಪ, ಸಾಕು ಬಿಡಿ," ಅಂದಳು ಹೆಂಡತಿ.

"ಒಂದ್ ನಿಮಿಷ, ಆನ್ ಆಗಿರ್ಲಿಲ್ಲ," ಅಂದ ಗಂಡ. "ಇನ್ನೊಂದ್ ಸಲ."

ಇನ್ನೊಂದು ಸಲ ಕುಣಿದಳು.

ಅವರು ದಪ್ಪದ ನೀಲಿ ಶೀಟು ಆರಿಸಿಕೊಂಡು ಹೋದರು. ಪಟಾಲಮ್ಮ ಅಂಗಾಲಿಗೆ ನೀರು ಸುರಿದುಕೊಂಡು ಗಿರಿರಾಜನ ಮೇಜಿನ ಹತ್ತಿರ ಬಂದಳು.

"ಅಣ್ಣ, ಆಗ್ಲೇ ಹೇಳಿದ್ರಲ್ಲ, ಭಾರ ಇಟ್ರೆ ವೇಸ್ಟು ಅಂತ. ನಮ್ ಮನೆ ಮೇಲೆ ಬರೀ ಕಲ್ಲೇ ಇರೋದು."

"ನಿಮ್ ಮನೆ ಎಲ್ಲಿ? ನಾಗರಬಾವಿ ತಾನೆ. ಅಲ್ಲೇನ್ ಸಮುದ್ರ ಐತಾ?"

"ಗಾಳಿ ಐತಲ್ಲಣ್ಣ."

ಗಿರಿರಾಜ್ ನಕ್ಕ. ಆದರೂ ಮೂಲೆಯಲ್ಲಿದ್ದ ಹಳೆಯ ಶೀಟುಮೊಳೆಯ ಚೀಲವನ್ನು ಕಾಲಲ್ಲೇ ಅವಳ ಕಡೆ ನೂಕಿದ. ತಲೆಯ ಕೆಳಗೆ ರಬ್ಬರ್ ಬಿಲ್ಲೆಯಿದ್ದ ಉದ್ದನೆಯ ಮೊಳೆಗಳು, ಅರ್ಧ ತುಕ್ಕು ಹಿಡಿದವು. "ತಗೊಂಡೋಗು. ಗುಜರಿಗೆ ಹಾಕೋದೇ ಇದ್ದಿದ್ದು."

ಪಟಾಲಮ್ಮ ಮೊಳೆ ಹೊತ್ತು ಮನೆಗೆ ಹೋಗಲಿಲ್ಲ, ಮೊದಲು ಮುನಿಯಪ್ಪನ ಪಿಜಿಗೆ ಹೋದಳು. ಕೇಳದೆ ಹೊಡೆಯುವ ಧೈರ್ಯ ಆಗ ಅವಳಿಗಿರಲಿಲ್ಲ. ಮುನಿಯಪ್ಪ ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮಹದೇವ್ ಹಿಂದೆ ನಿಂತಿದ್ದ.

"ಯಜಮಾನ್ರೇ, ಮೊಳೆ ನಾವೇ ತಂದಿದೀವಿ. ನಿಮಗೇನೂ ಖರ್ಚಿಲ್ಲ. ನಮ್ ಮನೆ ಶೀಟಿಗೆ ಅಂಚಲ್ಲಿ ಮಾತ್ರ ಹೊಡ್ಕೋತೀವಿ."

ಮುನಿಯಪ್ಪ ಚೀಲದೊಳಗೆ ಕೈ ಹಾಕಿ ಒಂದು ಮೊಳೆ ತೆಗೆದು ತಿರುಗಿಸಿ ನೋಡಿದ. "ನಿಮ್ ಮನೆ ಶೀಟಾ?"

"ನಾವಿರೋ ಮನೇದು."

"ಹಂಗನ್ನು. ನಮ್ಮಪ್ಪನ ಕಾಲದಾಗೆ ಹುಲ್ಲಲ್ಲಿ ಇದ್ರಿ. ನಾನು ತಗಡು ಕೊಟ್ಟೆ. ಈಗ ಮೊಳೆ ಬೇರೆ ಬೇಕು. ನಾಳೆ ಆರ್‌ಸಿಸಿ ಕೇಳ್ತೀರ."

"ಗಾಳಿಗೆ ಎದ್ರೆ ಯಾರ್ ಮೇಲಾದ್ರೂ..."

"ಕಲ್ಲು ಸಾಲ್ದು ಅನ್ನು, ಇನ್ನೊಂದು ಲೋಡು ಕಳಿಸ್ತೀನಿ. ಒಂದು ತೂತು ಕಾಣ್ಲಿ, ಇವ್ನಿಗೆ ಕೆಲಸ ಇಲ್ಲ, ನಿಂಗೆ ಮನೆ ಇಲ್ಲ." ಮೊಳೆಯನ್ನು ಚೀಲಕ್ಕೆ ಎಸೆದ. "ಏನೋ ಮಹದೇವ, ಹೆಂಡ್ತಿಗೆ ಹೇಳೋದಲ್ವಾ."

ಮಹದೇವ್ ನೆಲ ನೋಡಿದ. "ಹೇಳ್ತೀನಿ ಬುದ್ಧಿ," ಅಂದ.

ಮುನಿಯಪ್ಪ ಮಾತಿಗೆ ತಪ್ಪಲಿಲ್ಲ. ಭಾನುವಾರ ಟ್ರಾಕ್ಟರಿನಲ್ಲಿ ಸೈಜುಕಲ್ಲು ಬಂತು. ಹೊತ್ತು ಮೇಲೇರಿಸುವ ಕೆಲಸ ಅವರದ್ದೇ. ಹೆಂಗಸರು ಸಿಂಬಿ ಇಟ್ಟು ಏಣಿಯವರೆಗೆ ಹೊತ್ತರು, ಗಂಡಸರು ಮೇಲೆ ಜೋಡಿಸಿದರು. ಪಟಾಲಮ್ಮ ಪಕ್ಕದ ಮನೆಯ ಕೋಕಿಲಾಗೆ ಹೇಳಿದಳು, ಭಾರ ಇಟ್ಟು ಉಪಯೋಗವಿಲ್ಲ, ಗಾಳಿ ಕೆಳಗಿಂದ ಎತ್ತುತ್ತದಂತೆ ಎಂದು.

"ಗಾಳಿ ಬಂದು ನಿನ್ ಕಿವೀಲಿ ಹೇಳ್ತಾ?" ಕೋಕಿಲಾ ಬೆವರು ಒರೆಸಿಕೊಂಡು ನಕ್ಕಳು. "ಹೊರು ಸುಮ್ನೆ. ಭಾರ ಇದ್ರೆ ಒಳ್ಳೇದೇ."

ಲಿಂಗಮ್ಮ ಬಾಗಿಲಲ್ಲಿ ಎಲೆಯಡಿಕೆ ಜಗಿಯುತ್ತ ಮೇಲೆ ನೋಡಿದಳು. "ಸತ್ತೋರ ಗುಂಡಿ ಮೇಲೂ ಇಷ್ಟು ಕಲ್ಲು ಮಡಗಲ್ಲ ಕಣ್ರಮ್ಮಿ."

ಆ ವಾರ ವಠಾರ ನೆಮ್ಮದಿಯಾಗಿ ಮಲಗಿತು. ಮೇಲೆ ಇನ್ನಷ್ಟು ಕಲ್ಲು ಬಂದಿದೆಯಲ್ಲ ಎಂದು.

ಬಸವ ಜಯಂತಿಗೆ ಅಂಗಡಿ ರಜೆ. ಪಟಾಲಮ್ಮ ಮನೆಯಲ್ಲೇ ಇದ್ದಳು. ಮಧ್ಯಾಹ್ನ ಊಟವಾದ ಮೇಲೆ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ಮೊದಲು ಧೂಳು ಬಂತು, ಆಮೇಲೆ ಗಾಳಿ. ಬೀದಿಯ ಕೊನೆಯಲ್ಲಿ ಗುಲ್‌ಮೊಹರ್ ಮರವೊಂದು ಸೀಳಿ ಕಾರಿನ ಮೇಲೆ ಬಿದ್ದ ಸದ್ದು ಕೇಳಿತು.

"ಹಗ್ಗ," ಅಂದಳು ಲಿಂಗಮ್ಮ.

ಪಟಾಲಮ್ಮ ಬಾಗಿಲ ಕಡೆಯ ತುದಿ ಹಿಡಿದಳು. ಲಿಂಗಮ್ಮ ಒಲೆಯ ಕಡೆಯ ತುದಿ ಹಿಡಿದಳು. ವರಲಕ್ಷ್ಮಿ ಅಜ್ಜಿಯ ಸೊಂಟ ಹಿಡಿದಳು. ಮೇಲೆ ಕಲ್ಲುಗಳು ಒಂದಕ್ಕೊಂದು ಉಜ್ಜಿ ಹಲ್ಲು ಕಡಿಯುವ ಹಾಗೆ ಸದ್ದು ಮಾಡಿದವು. ಹಗ್ಗ ಒಮ್ಮೆ ಸಡಿಲವಾಯಿತು, ಒಮ್ಮೆ ಸೆಟೆಯಿತು. ಪಟಾಲಮ್ಮನ ಪಾದ ನೆಲ ಬಿಟ್ಟಿತು. ಮತ್ತೆ ನೆಲಕ್ಕೆ ಬಡಿಯಿತು.

"ಬಿಡ್ಬ್ಯಾಡ ಪಟಾಲಿ."

"ಇಲ್ಲ ಅತ್ತೆ."

ಸೂರಿನ ಸಂದಿಯಿಂದ ಗಾಳಿ ಒಳಗೆ ನುಗ್ಗಿತು. ಮನೆ ಉಸಿರು ಎಳೆದುಕೊಂಡ ಹಾಗಾಯಿತು. ಶೀಟಿನ ಒಂದು ಅಂಚು ಬಾಗಿಲು ತೆರೆದ ಹಾಗೆ ಮೇಲೆದ್ದು ನಿಂತಿತು. ಅದರ ಮೇಲಿನ ಕಲ್ಲುಗಳಲ್ಲಿ ಕೆಲವು ಗೋಡೆಯ ಹೊರಗೆ ಜಾರಿದವು, ಉಳಿದವು ಒಲೆಯ ಕಡೆ ಶೀಟು ಸರಿದು ಬಿಟ್ಟ ಸಂದಿಯಿಂದ ಒಳಕ್ಕೆ ಬಂದವು. ಪಟಾಲಮ್ಮ ಕಿರುಚುವಷ್ಟರಲ್ಲಿ ಮೊದಲನೆಯದು ಬಿತ್ತು.

ಅದು ಲಿಂಗಮ್ಮನ ನೆತ್ತಿಯ ಮೇಲೆ ಬಿತ್ತು. ತೆಂಗಿನಕಾಯಿ ಒಡೆದ ಸದ್ದು. ಎರಡನೆಯದು ಅವಳ ಭುಜ ಮುರಿದು ವರಲಕ್ಷ್ಮಿಯ ಪಾದದ ಪಕ್ಕ ಉರುಳಿತು. ಮೂರನೆಯದು ಒಲೆ ಒಡೆಯಿತು. ಆಮೇಲೆ ಶೀಟು ಹೋಯಿತು. ಮೇಲೆ ಕಂದು ಆಕಾಶವಿತ್ತು. ಆಲಿಕಲ್ಲು ಮಳೆ ನೇರವಾಗಿ ಮನೆಯೊಳಕ್ಕೆ ಸುರಿಯಿತು.

ವರಲಕ್ಷ್ಮಿ ಅಜ್ಜಿಯ ಸೊಂಟ ಬಿಟ್ಟಿರಲಿಲ್ಲ. ಅವಳ ಮುಖದ ಮೇಲೆ ಅಜ್ಜಿಯ ರಕ್ತ, ಎಲೆಯಡಿಕೆಯ ಕೆಂಪು ಎರಡೂ ಇದ್ದವು. ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ಲಿಂಗಮ್ಮನ ಕಾಲು ಸ್ವಲ್ಪ ಹೊತ್ತು ಒದ್ದುಕೊಂಡಿತು. ಕೋಕಿಲಾ ಆಟೋ ಕರೆತರಲು ಓಡಿದಳು. ಆಟೋ ಬರುವ ಹೊತ್ತಿಗೆ ಕಾಲು ನಿಂತಿತ್ತು. ಡ್ರೈವರ್ ಬಗ್ಗಿ ನೋಡಿ, ತಲೆಯಾಡಿಸಿ, ಗಾಡಿ ತಿರುಗಿಸಿಕೊಂಡು ಹೋದ.

ವರಲಕ್ಷ್ಮಿ ಪೊಲೀಸರಿಗೆ ಫೋನ್ ಮಾಡಿದಳು. "ಊರೆಲ್ಲ ಮರ ಬಿದ್ದಿವೆ ಕಣಮ್ಮ, ಗಾಡಿ ಇಲ್ಲ, ಕಾಯ್ರಿ," ಅಂದರು. ಮಳೆ ನಿಂತ ಮೇಲೆ ಹೆಂಗಸರು ಸೇರಿ ಲಿಂಗಮ್ಮನನ್ನು ಹೊರಗಿನ ಓಣಿಗೆ ತಂದು ಮಲಗಿಸಿ ಸೀರೆ ಹೊದಿಸಿದರು. ಒಳಗೆ ಮಲಗಿಸಲು ಒಣಗಿದ ನೆಲವಿರಲಿಲ್ಲ. ಮಹದೇವ್ ಓಡಿ ಬಂದು ತಾಯಿಯ ಕಾಲ ಬಳಿ ಕುಸಿದು ಕೂತ.

ಪೊಲೀಸರಿಗಿಂತ ಮೊದಲು ಮುನಿಯಪ್ಪನ ಕಾರು ಬಂತು. ಮಗ ಯಶ್ವಂತ್ ಓಡಿಸುತ್ತಿದ್ದ. ಜಿಮ್ಮಿನ ಮೈ, ಕತ್ತಲ್ಲಿ ಸರ. ಇಳಿದವನು ಮೊದಲು ತಲೆಯೆತ್ತಿ ಮನೆಗಳ ಮೇಲೆ ನೋಡಿದ.

"ಶೀಟು ಎಲ್ಲಿಗ್ ಹೋದ್ವು?"

"ಹಿಂದಿನ ಖಾಲಿ ಸೈಟಲ್ಲಿ ಬಿದ್ದವೆ," ಅಂದಳು ಕೋಕಿಲಾ.

"ಬೆಂಡ್ ಆಗಿದಾವಾ?"

ಮುನಿಯಪ್ಪ ಬಂದು ಸೀರೆಯ ಅಂಚು ಎತ್ತಿದ. ಒಡೆದ ತಲೆಯನ್ನು ನೋಡಿದ. ಹೊಲದಲ್ಲಿ ಸತ್ತ ಎಮ್ಮೆ ನೋಡುವವನ ಹಾಗೆ ರೆಪ್ಪೆ ಬಡಿಯದೆ ನೋಡಿ ಸೀರೆ ಬಿಟ್ಟ.

"ವಯಸ್ಸಾಗಿತ್ತು. ಇವತ್ತಲ್ಲ ನಾಳೆ ಹೋಗೋ ಜೀವ. ಮಹದೇವ, ಮಣ್ಣಿನ ಖರ್ಚು, ತಿಥಿ ಖರ್ಚು ನಮ್ದು. ಪೊಲೀಸ್ನೋರು ಬಂದು ಕೇಳಿದ್ರೆ, ಅವ್ವ ಕಲ್ಲು ಸರಿ ಮಾಡಕ್ಕೆ ತಾನೇ ಮೇಲೆ ಹತ್ತಿದ್ಲು, ಕಾಲು ಜಾರಿ ಬಿದ್ಲು ಅನ್ನು. ಅಷ್ಟೇ. ಏನು?"

ಮಹದೇವ್ ಕೈ ಮುಗಿದುಕೊಂಡೇ ಇದ್ದ. "ಆಯ್ತು ಬುದ್ಧಿ."

"ಏನ್ ಆಯ್ತು?" ಕೇಳಿದಳು ಪಟಾಲಮ್ಮ.

ಮಹದೇವ್ ತಾಯಿಯ ಮೇಲಿನ ಸೀರೆ ಸರಿಮಾಡಿದ.

"ಏನ್ ಆಯ್ತು ಅಂತ ಕೇಳ್ದೆ. ಎಪ್ಪತ್ತು ದಾಟಿದ ಮುದುಕಿ ಏಣಿ ಹತ್ತಿದ್ಲಾ?"

"ಏಯ್, ನಿನ್ನ ಕೇಳಿಲ್ಲ," ಅಂದ ಯಶ್ವಂತ್. ಓಣಿಯಲ್ಲಿದ್ದವರ ಕಡೆ ತಿರುಗಿದ. "ಪೊಲೀಸ್ ಬರೋಷ್ಟ್ರಲ್ಲಿ ಶೀಟು ಮೇಲಿರ್ಬೇಕು. ಕಲ್ಲು ಹೆಂಗಿದ್ವೋ ಹಂಗೇ. ಏನೂ ಆಗೇ ಇಲ್ಲ ಅನ್ನೋ ತರ. ನೀವಿಬ್ರು ಹೋಗಿ ಶೀಟ್ ತನ್ನಿ. ಪಟಾಲಮ್ಮ, ಲೋಡಿಂಗ್ ಕೆಲಸ ಮಾಡ್ತೀಯಲ್ಲ, ಎತ್ತು ಕಲ್ಲು."

ಕಲ್ಲು ಒಲೆಯ ಪಕ್ಕ ಬಿದ್ದಿತ್ತು. ಅದರ ಒಂದು ಮೂಲೆಗೆ ಲಿಂಗಮ್ಮನ ಬಿಳಿ ಕೂದಲು ಮೆತ್ತಿಕೊಂಡಿತ್ತು.

"ಎತ್ತಲ್ಲ."

ಅವಳು ಅದನ್ನು ಮೆಲ್ಲಗೇ ಹೇಳಿದಳು. ಜೀವಮಾನವೆಲ್ಲ ಎತ್ತು ಎಂದರೆ ಎತ್ತಿದವಳು, ಹತ್ತು ಎಂದರೆ ಹತ್ತಿದವಳು, ಕುಣಿ ಎಂದರೆ ಕುಣಿದವಳು. ಆ ಮಾತು ಬಾಯಿಂದ ಹೇಗೆ ಬಂತೆಂದು ಅವಳಿಗೇ ತಿಳಿಯಲಿಲ್ಲ. ಬಂದ ಮೇಲೆ ಇನ್ನೊಮ್ಮೆ ಹೇಳುವುದು ಸುಲಭವಾಯಿತು.

"ಎತ್ತಲ್ಲ. ನೀನೇ ಎತ್ತು."

ಯಶ್ವಂತ್ ಹೊಡೆದ. ಅಂಗೈಯಲ್ಲಿ ಅಲ್ಲ, ಮುಷ್ಟಿಯಲ್ಲಿ. ಅವಳ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಅವಳು ಬಿದ್ದಳು. ಬಿದ್ದವಳ ಪಕ್ಕೆಗೆ ಒದ್ದ. ಕೂದಲು ಹಿಡಿದು ದರದರ ಒಳಗೆ ಎಳೆದುಕೊಂಡು ಹೋಗಿ ಅವಳ ಕೈಯನ್ನು ಕಲ್ಲಿನ ಮೇಲೆ ಒತ್ತಿದ. ಬೆರಳಿಗೆ ಅತ್ತೆಯ ಕೂದಲು ತಾಗಿತು.

"ನಿಮ್ ಜಾತಿಗಿಷ್ಟು. ಮನೆ ಕೊಟ್ರೆ ಎದೆ ಮೇಲೆ ಕೂರ್ತೀರ. ಎತ್ತೇ."

ವರಲಕ್ಷ್ಮಿ ಓಡಿಬಂದು ಅವನ ಕೈ ಕಚ್ಚಿದಳು. ಅವನು ಅವಳನ್ನು ಗೋಡೆಗೆ ಎಸೆದ. ಹಾಲೊ ಬ್ಲಾಕಿಗೆ ಅವಳ ಹಣೆ ಬಡಿದ ಸದ್ದು ಪಟಾಲಮ್ಮನಿಗೆ ಕೇಳಿತು. ಮಹದೇವ್ ಬಾಗಿಲಲ್ಲಿ ಬಂದು ನಿಂತು, "ಬಿಡಿ ಸಣ್ಣ ಬುದ್ಧಿಯೋರೆ, ಬಿಡಿ," ಅಂದ. ಅವನಿಗೂ ಒಂದು ಏಟು ಬಿತ್ತು. ಅವನು ಕೆನ್ನೆ ಹಿಡಿದುಕೊಂಡು ಅಲ್ಲೇ ನಿಂತ.

ಪಟಾಲಮ್ಮ ಬಾಯಲ್ಲಿದ್ದ ರಕ್ತ ಉಗಿದಳು. ಮಗಳ ಕಡೆ ನೋಡಿದಳು. ಹುಡುಗಿ ಹಣೆ ಹಿಡಿದು ಕೂತಿದ್ದಳು, ಕಣ್ಣು ತೆರೆದಿತ್ತು. ಅವಳ ನೆತ್ತಿಯ ಮೇಲೆ ಬರಿಯ ಆಕಾಶ. ಕಲ್ಲು ಮತ್ತೆ ಮೇಲೆ ಹೋದರೆ ಮುಂದಿನ ಗಾಳಿಗೆ ಒಲೆಯ ಕಡೆಯ ಹಗ್ಗ ಹಿಡಿಯುವವಳು ಇವಳೇ. ಬೇರೆ ಯಾರಿದ್ದಾರೆ?

"ಬಿಡು," ಅಂದಳು ಪಟಾಲಮ್ಮ. "ಹತ್ತುತೀನಿ."

"ಮೊದ್ಲೇ ಅಂದಿದ್ರೆ ಆಗ್ತಿರ್ಲಿಲ್ವಾ," ಯಶ್ವಂತ್ ಕೂದಲು ಬಿಟ್ಟ. ಕಚ್ಚಿಸಿಕೊಂಡ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಗೆ ಹೋಗಿ, ತಾನೇ ಏಣಿ ಎಳೆದು ಗೋಡೆಗೆ ಆನಿಸಿದ.

ಅವನ ಬೆನ್ನು ತಿರುಗಿದ್ದಾಗ ಪಟಾಲಮ್ಮ ಅವತ್ತಿನಿಂದ ಮಂಚದ ಕೆಳಗೇ ಬಿದ್ದಿದ್ದ ಮೊಳೆಯ ಚೀಲ ಎಳೆದುಕೊಂಡಳು. ಮೂಲೆಯಲ್ಲಿದ್ದ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಸುತ್ತಿದಳು. ಹೊರಗೆ ಬಂದು ಏಣಿ ಹತ್ತಿದಳು. ಪಕ್ಕೆ ಚುಚ್ಚುತ್ತಿತ್ತು. ಗೋಡೆಯ ಮೇಲೆ ಕಾಲೂರಿ ಗಳದ ಮೇಲೆ ಅಂಡೂರಿದಳು. ಹಿಂದಿನ ಸೈಟಿನಿಂದ ಕೋಕಿಲಾ ಮತ್ತು ಅವಳ ಗಂಡ ಹೊತ್ತು ತಂದ ಶೀಟನ್ನು ಕೆಳಗಿಂದ ಕೊಟ್ಟರು. ಎಳೆದುಕೊಂಡು ಗಳದ ಮೇಲೆ ಹಾಸಿದಳು. ಶೀಟು ಹಾಸುವುದು ಅವಳ ಕೈಗೆ ಗೊತ್ತಿದ್ದ ಕೆಲಸ.

"ಈಗ ಕಲ್ಲು ಕೊಡು ಅವಳಿಗೆ," ಅಂದ ಯಶ್ವಂತ್ ಕೋಕಿಲಾಗೆ.

ಕೋಕಿಲಾ ಗೋಡೆಯ ಹೊರಗೆ ಬಿದ್ದಿದ್ದ ಕಲ್ಲಿಗೆ ಬಗ್ಗುವಷ್ಟರಲ್ಲಿ ಮೇಲಿಂದ ಸದ್ದು ಬಂತು. ತಗಡು ಹರಿದು, ಮರ ಕಚ್ಚಿಕೊಂಡ ಸದ್ದು. ಇನ್ನೊಂದು ಏಟು. ಇನ್ನೊಂದು.

ಮುನಿಯಪ್ಪ ಕಣ್ಣು ಮುಚ್ಚಿಕೊಂಡ. ಅವನ ಭುಜ ಅದುರಿದ್ದನ್ನು ಓಣಿಯಲ್ಲಿದ್ದವರೆಲ್ಲ ಕಂಡರು. ಲಿಂಗಮ್ಮನ ತಲೆ ನೋಡಿದಾಗ ಕದಲದಿದ್ದ ಮುಖ ಈಗ ಸುಕ್ಕುಗಟ್ಟಿತ್ತು.

"ತೂತು ಹಾಕ್ತಾವ್ಳೆ," ಅಂದ. ಮೊದಲು ಮೆಲ್ಲಗೆ. ಆಮೇಲೆ ಕೂಗಿ. "ತೂತು ಹಾಕ್ತಾವ್ಳೆ ಕಣೋ, ಇಳ್ಸೋ ಅವಳನ್ನ."

ಯಶ್ವಂತ್ ಏಣಿಗೆ ಹಾರಿದ. ಎರಡೆರಡು ಮೆಟ್ಟಿಲು ದಾಟಿ ಹತ್ತಿದ. ಅವನ ಕೈ ಗೋಡೆಯ ಅಂಚು ಹಿಡಿಯಿತು. ಪಟಾಲಮ್ಮನಿಗೆ ಮೊದಲು ಕಂಡಿದ್ದು ಆ ಕೈ. ಉಂಗುರದ ಬೆರಳು, ಗೆಣ್ಣಿನ ಮೇಲೆ ಅವಳದೇ ತುಟಿಯ ರಕ್ತ. ಅವಳು ಮೊಳೆಗೆ ಎತ್ತಿದ್ದ ಸುತ್ತಿಗೆಯನ್ನು ಅದರ ಮೇಲೆ ಇಳಿಸಿದಳು.

ಮೂಳೆ ಮುರಿಯಿತು. ಅವನು ಹಿಂದಕ್ಕೆ ಬಿದ್ದ. ಅವನೇ ಎತ್ತಲು ಹೇಳಿದ್ದ ಕಲ್ಲುಗಳ ನಡುವೆ ಕೆಸರಲ್ಲಿ ಬಿದ್ದು, ಕೈಯನ್ನು ತೊಡೆಸಂದಿಯಲ್ಲಿ ಇಟ್ಟುಕೊಂಡು ಹೊರಳಾಡಿದ. ಯಾರೂ ಎತ್ತಲು ಹೋಗಲಿಲ್ಲ.

"ಮಹದೇವ," ಮುನಿಯಪ್ಪ ಕೂಗಿದ. "ಅವಳನ್ನ ಇಳ್ಸೋ. ಅನ್ನ ತಿಂದಿದೀಯ ನಮ್ದು."

ಮಹದೇವ್ ಏಣಿಯ ಹತ್ತಿರ ನಡೆದ. ಎರಡೂ ಕೈಯಲ್ಲಿ ಹಿಡಿದ. ಮೇಲೆ ಹೆಂಡತಿಯನ್ನು ನೋಡಿದ. ಅವಳು ಸುತ್ತಿಗೆ ಎತ್ತಿ ಹಿಡಿದು ಅವನನ್ನೇ ನೋಡುತ್ತಿದ್ದಳು, ಅವನಿಗೂ ಬೀಸುವವಳ ಹಾಗೆ. ಅವನು ತಿರುಗಿ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಏಣಿಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ಕೈಯಿಟ್ಟು ಕೂತ. ಇನ್ನು ಅವನನ್ನು ದಾಟದೆ ಯಾರೂ ಮೇಲೆ ಹತ್ತುವಂತಿರಲಿಲ್ಲ.

ಮೇಲೆ ಸದ್ದು ಮತ್ತೆ ಶುರುವಾಯಿತು.

"ಪಟಾಲಕ್ಕ," ಕೋಕಿಲಾ ಕೆಳಗಿಂದ ಕೇಳಿದಳು, "ಮೊಳೆ ಉಳೀತವಾ?"

"ನಿಮ್ ಮನೆಗೂ ಆಗ್ತವೆ."

ಮುನಿಯಪ್ಪ ಫೋನ್ ತೆಗೆದ. ಯಾರಿಗೋ ಹೆಸರು ಹಿಡಿದು ಮಾತಾಡಿದ. ಹೆಣಕ್ಕೆ ಸಿಗದಿದ್ದ ಜೀಪು ಶೀಟಿಗೆ ಸಿಕ್ಕಿತು. ಮರ ಬಿದ್ದ ರಸ್ತೆಗಳನ್ನೆಲ್ಲ ಸುತ್ತಿಕೊಂಡು ಬೇಗನೇ ಬಂತು. ಎಸ್‌ಐ ಇಳಿದ, ಹಿಂದೆ ಒಬ್ಬ ಪೇದೆ. ಮುನಿಯಪ್ಪ ಅವರನ್ನು ಕೈಹಿಡಿದು ಕರೆದುಕೊಂಡು ಬಂದು ಮೇಲಿನ ಶೀಟು ತೋರಿಸಿದ, ಮಗನ ಕೈ ತೋರಿಸಿದ. ಪೇದೆ ಓಣಿಯಲ್ಲಿ ನಡೆಯುತ್ತ ಸೀರೆಯ ಅಂಚು ತುಳಿದು ಬೆಚ್ಚಿ ಕಾಲೆತ್ತಿದ.

"ಇದ್ಯಾರು?"

"ನಮ್ಮಜ್ಜಿ," ಅಂದಳು ವರಲಕ್ಷ್ಮಿ. ಹಣೆಯ ರಕ್ತ ಹುಬ್ಬಿನ ಮೇಲೆ ಒಣಗಿತ್ತು. "ಇವರ ಕಲ್ಲು ಬಿದ್ದು ಸತ್ತೋದ್ರು. ಅದಕ್ಕೆ ಫೋನ್ ಮಾಡಿದ್ದು ನಾನು ಸಾರ್. ನೀವು ಬರ್ಲಿಲ್ಲ."

ಎಸ್‌ಐ ಮುನಿಯಪ್ಪನ ಮುಖ ನೋಡಿದ. "ಇವರು ಫೋನಲ್ಲಿ ಬೇರೆ ಹೇಳಿದ್ರು. ಮೇಲೆ ಹತ್ತಿ ಬಿದ್ರು ಅಂತ."

"ಹೌದು ಸಾರ್, ಕೇಳಿ ಅವ್ನನ್ನ, ಅವ್ನು ಮಗ," ಮುನಿಯಪ್ಪ ಏಣಿಯ ಕಡೆ ಕೈ ತೋರಿಸಿದ.

ಮಹದೇವ್ ತಲೆಯೆತ್ತಲಿಲ್ಲ. "ನಮ್ಮವ್ವ ಹತ್ತಲಿಲ್ಲ," ಅಂದ ನೆಲಕ್ಕೆ.

"ಕೈ ಬಿಚ್ಚಿ ನೋಡಿ ಸಾರ್," ಪಟಾಲಮ್ಮ ಮೇಲಿಂದ ಹೇಳಿದಳು. ಸೀಳಿದ ತುಟಿಯಲ್ಲಿ ಮಾತು ತೊದಲಿತು. ಅವಳು ನಿಧಾನ ಮಾಡಿ ಮತ್ತೆ ಹೇಳಿದಳು. "ನಮ್ಮತ್ತೆ ಬಲಗೈ ಬಿಚ್ಚಿ ನೋಡಿ."

ಪೇದೆ ಬಗ್ಗಿ ಸೀರೆ ಸರಿಸಿದ. ಲಿಂಗಮ್ಮನ ಬಲಗೈ ಮುಷ್ಟಿಯಾಗಿ ಬಿಗಿದಿತ್ತು. ಒಂದೊಂದೇ ಬೆರಳು ಬಿಡಿಸಲು ನೋಡಿದ. ಬರಲಿಲ್ಲ. ಮುಷ್ಟಿಯ ಎರಡೂ ಕಡೆಯಿಂದ ನೀಲಿ ನೈಲಾನ್ ಹಗ್ಗದ ಚೂರು ಹೊರಗೆ ಕಾಣುತ್ತಿತ್ತು. ಹೆಂಗಸರು ಅವಳನ್ನು ಎತ್ತಿ ತರುವಾಗ ಕೈ ಬಿಡಿಸಲಾಗದೆ ಹಗ್ಗವನ್ನೇ ಕೊಯ್ದಿದ್ದರು.

"ಹಗ್ಗ ಹಿಡ್ಕೊಂಡು ಏಣಿ ಹತ್ತಕ್ಕಾಗಲ್ಲ ಸಾರ್. ನೆಲದ ಮೇಲೆ ನಿಂತು ನಿಮ್ಮ ಯಜಮಾನ್ರ ಶೀಟು ಹಿಡ್ಕೊಂಡಿದ್ರು," ಅಂದಳು ಪಟಾಲಮ್ಮ.

ಎಸ್‌ಐ ಮುಷ್ಟಿಯನ್ನು ನೋಡಿದ, ಮುನಿಯಪ್ಪನನ್ನು ನೋಡಿದ, ಮಳೆಯಲ್ಲಿ ನೆನೆದ ತನ್ನ ಬೂಟು ನೋಡಿಕೊಂಡ. ಆಮೇಲೆ ಸುಲಭವಾಗಿದ್ದನ್ನು ಆರಿಸಿಕೊಂಡ. ತಲೆಯೆತ್ತಿದ.

"ಅದೆಲ್ಲ ಆಮೇಲೆ. ಶೀಟಿಗೆ ತೂತು ಹಾಕಿದ್ಯಾರು? ಇವರ ಕೈ ಮುರಿದಿದ್ಯಾರು?"

"ನಾನೇ. ಎರಡೂ ನಾನೇ. ಬರ್ಕೊಳಿ."

"ಇಳಿ ಕೆಳಗೆ. ಸ್ಟೇಷನ್‌ಗೆ ನಡಿ."

"ಬರ್ತೀನಿ ಸಾರ್. ಒಲೆ ಕಡೆ ಅಂಚು ಇನ್ನೂ ಬಾಕಿ ಐತೆ."

"ಇಳಿ ಅಂದೆ."

ಪಟಾಲಮ್ಮ ಚೀಲದಿಂದ ಒಂದು ಮೊಳೆ ಆರಿಸಿದಳು. ರಬ್ಬರ್ ಬಿಲ್ಲೆ ಗಟ್ಟಿಯಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿದಳು. ಕೆಳಗೆ ಗಳ ಎಲ್ಲಿದೆಯೆಂದು ಅಂಗೈಯಿಂದ ತಡವಿ ಹುಡುಕಿ, ಅದರ ನೇರಕ್ಕೆ ಮೊಳೆಯನ್ನು ನಿಲ್ಲಿಸಿ, ಹೊಡೆದಳು.